ಎಲ್ಲರಿಗೂ ಗೊತ್ತಿದ್ದ ಉತ್ತರ

ಪ್ರತಿ ಶುಕ್ರವಾರ ಮೂರನೇ ತರಗತಿಯ ಗೋಡೆ ಪ್ರಶ್ನೆ ಕೇಳುತ್ತಿತ್ತು. ಉತ್ತರ ಬಾರದ ಮಕ್ಕಳನ್ನು ಅಂದೇ ವ್ಯಾನು ಕಲಿಕಾ ಶಿಬಿರಕ್ಕೆ ಕರೆದೊಯ್ಯುತ್ತಿತ್ತು. ಹೋದವರು ಯಾರೂ ಈವರೆಗೆ ಮರಳಿರಲಿಲ್ಲ.

ಅದಕ್ಕೇ ವಿಶಾಲಾಕ್ಷಿ ಟೀಚರು, ಹಿಂದೆ ಇನ್ಸ್‌ಪೆಕ್ಟರ್ ಬಂದಾಗ ಮಾಡುತ್ತಿದ್ದ ಉಪಾಯವನ್ನೇ ಮಕ್ಕಳಿಗೆ ಹೇಳಿಕೊಟ್ಟಿದ್ದರು. ಎಲ್ಲರೂ ಕೈ ಎತ್ತಬೇಕು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರು ಬಲಗೈಯವರನ್ನು ಮಾತ್ರ ಎಬ್ಬಿಸುತ್ತಿದ್ದರು. ಒಂದು ವರ್ಷದಿಂದ ವ್ಯಾನು ಖಾಲಿಯೇ ಹೋಗುತ್ತಿತ್ತು.

ನಿನ್ನೆ ತಾಲ್ಲೂಕು ಕಚೇರಿಯ ತಂತ್ರಜ್ಞ ಬಂದು ಗೋಡೆಯನ್ನು ಅಪ್‌ಡೇಟ್ ಮಾಡಿ ಹೋಗಿದ್ದ. "ಹೊಸ ಯೋಜನೇಲಿ ನಿಮ್ಮ ಕೆಲಸ ಹಗುರ ಮೇಡಂ. ಇನ್ಮೇಲೆ ಯಾರನ್ನ ಎಬ್ಬಿಸ್ಬೇಕು ಅಂತ ಗೋಡೇನೇ ನೋಡ್ಕೊಳ್ಳುತ್ತೆ," ಎಂದಿದ್ದ. ಟೀಚರಿಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ.

"ಏಳೆಂಟಲೆ ಎಷ್ಟು?" ಎಂದಿತು ಗೋಡೆ, ಅಕ್ಕರೆಯಿಂದ.

ಮೂವತ್ತು ಕೈಗಳು ಮೇಲೆದ್ದವು.

"ತಿಪ್ಪೇಶ, ನೀನು ಹೇಳಪ್ಪ."

ಕೊನೆಯ ಬೆಂಚಿನ ತಿಪ್ಪೇಶ ಗಾಬರಿಯಿಂದ ಟೀಚರ ಕಡೆ ತಿರುಗಿದ. "ಮಿಸ್, ನಾನು ಎಡಗೈ ಎತ್ತಿದ್ದೀನಲ್ಲ!"

ಟೀಚರು ಅವನನ್ನು ಸುಮ್ಮನಿರಿಸಲು ತುಟಿಗೆ ಬೆರಳಿಟ್ಟರು. ಹೊರಗೆ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು.

ಗೋಡೆ ಅದೇ ಅಕ್ಕರೆಯಿಂದ ಕೇಳಿತು: "ಹೀಗೆ ಮಾಡಿ ಅಂತ ಹೇಳಿಕೊಟ್ಟವರು ಯಾರು, ಮಕ್ಕಳೇ?"

ಮೂವತ್ತು ಕೈಗಳು ಮೇಲೆದ್ದವು. ಎಲ್ಲವೂ ಬಲಗೈ. ಕೊನೆಗೂ ಒಂದು ಉತ್ತರ ಗೊತ್ತಿದ್ದ ಖುಷಿಗೆ ತಿಪ್ಪೇಶ ಬೆಂಚಿನ ಮೇಲೇ ಹತ್ತಿ ನಿಂತಿದ್ದ.