ಮನೆತನ ವಿಚಾರಿಸಲು ಬಂದವನು

ಬಿಳಿ ಟೋಪಿಯವನು ಇವತ್ತೂ ಬೆನ್ನು ಬಿದ್ದಿದ್ದ.

ಶಿದ್ರಾಮಪ್ಪ ನಿಂತರೆ ಅವನೂ ನಿಲ್ಲುತ್ತಿದ್ದ, ನಡೆದರೆ ನಡೆಯುತ್ತಿದ್ದ. ಅವನು ದಿನಾ ಬೆಳಗ್ಗೆ ಸುತ್ತು ಹಾಕುವ ಜಮಖಂಡಿಯ ಆ ಪಾರ್ಕಿನಲ್ಲಿ ಬೇವು, ಹುಣಸೆ ಒತ್ತಾಗಿ ಬೆಳೆದು ಊರ ನಡುವೆಯೇ ಕಾಡಾಗಿದೆ. ಮರೆಗೆ ನಿಲ್ಲಲು ಮರಗಳಿಗೇನೂ ಬರವಿಲ್ಲ. ಆದರೆ ಟೋಪಿಯವನ ಹೊಟ್ಟೆ ಯಾವ ಮರದ ಹಿಂದೆಯೂ ಪೂರ್ತಿ ಹಿಡಿಸುತ್ತಿರಲಿಲ್ಲ.

ಶಿದ್ರಾಮಪ್ಪನಿಗೆ ಸಿಟ್ಟು ಬರಲಿಲ್ಲ. ಮಗಳು ಪ್ರೀತಿಗೆ ಮುಧೋಳದ ಸಂಬಂಧ ಬಂದಿತ್ತು. ಮಾತು ಕೊಡುವ ಮೊದಲು ಗುರುತಿಲ್ಲದವನೊಬ್ಬನನ್ನು ಕಳಿಸಿ ಮನೆತನ ವಿಚಾರಿಸುವುದು ಈ ಕಡೆಯ ರೂಢಿ. ಹೆಂಡತಿ ತೀರಿಕೊಂಡು ಆರು ವರ್ಷ, ಇರುವವಳು ಒಬ್ಬಳೇ ಮಗಳು. ತನ್ನಿಂದ ಈ ಸಂಬಂಧ ಕೆಟ್ಟೀತೆಂದು ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಟೋಪಿಯವನು ಏನೇನು ಕೇಳಿದನೆಂದು ಗೇಟಿನ ಬಳಿಯ ಚಹಾದಂಗಡಿಯ ಮಾಳು ವರದಿ ಒಪ್ಪಿಸಿದ್ದ.

"ನಿಮಗ ಶುಗರ್ ಐತೇನು ಅಂದಾರಿ. ಕುಡಿತಾರೇನು ಅಂದಾ. ಮನ್ಯಾಗ ಅಡಗಿ ಯಾರ ಮಾಡ್ತಾರ ಅಂದಾ. ಹಲ್ಲು ಸ್ವಂತದ್ದೇನು ಅಂತನೂ ಕೇಳಿದಾರಿ."

"ನೀ ಏನಂದಿ?"

"ಎಲ್ಲಾ ಛಲೋ ಐತಿ ಅಂದೇನ್ರಿ."

ಶುಗರ್ ವಂಶದ ವಿಚಾರ, ಅಡುಗೆ ಮಗಳ ವಿಚಾರ. ಹಲ್ಲು ಯಾವ ವಿಚಾರವೋ ಶಿದ್ರಾಮಪ್ಪನಿಗೆ ಹೊಳೆಯಲಿಲ್ಲ. ದೊಡ್ಡ ಮನೆತನದವರು, ಕೇಳಲಿ ಬಿಡು ಎಂದುಕೊಂಡ.

ಅಂದಿನಿಂದ ಅವನು ಹೊಟ್ಟೆ ಒಳಗೆಳೆದುಕೊಂಡೇ ನಡೆದ. ತಂಬಾಕು ಬಿಟ್ಟ. ಎದುರಿಗೆ ಬಂದವರಿಗೆಲ್ಲ ಶರಣು ಎಂದ. ಐದನೆಯ ಸುತ್ತಿಗೆ ಕಣ್ಣು ಕತ್ತಲೆ ಬಂದರೂ ಬೆಂಚಿನ ಕಡೆ ತಿರುಗಿಯೂ ನೋಡಲಿಲ್ಲ.

ನಾಲ್ಕನೆಯ ದಿನ ಮಾತ್ರ ಸಾಕಾಗಿ ಹೋಯಿತು. ಸೀದಾ ಹುಣಸೆಮರದ ಹಿಂದೆ ಹೋಗಿ ಕೈಮುಗಿದ.

"ಯಜಮಾನ್ರ, ನನ್ನಾಗ ಏನರ ಐಬು ಇದ್ರ ಮಗಳ ತಲಿಮ್ಯಾಲ ಹಾಕಬ್ಯಾಡ್ರಿ. ಮುಧೋಳದವ್ರಿಗೆ ಒಂದ್ ಮಾತು ಛಲೋ ಹೇಳ್ರಿ."

ಟೋಪಿಯವನು ಗಲಿಬಿಲಿಗೊಂಡ.

"ಮುಧೋಳದವ್ರ ಗುರುತಽ ಇಲ್ರಿ ನನಗ. ನಾ ಲೋಕಾಪುರದಾಂವ. ಅಪ್ಪನ್ನ ಒಬ್ಬನ್ನ ಬಿಟ್ಟು ಲಗ್ನ ಆಗಂಗಿಲ್ಲ ಅಂತ ಹಟಾ ಹಿಡದಾಳಂತ ನಿಮ್ಮ ಮಗಳು. ಅಕಿನಽ ಫೋನ್ ಮಾಡಿದ್ಳರಿ."

"ನಿಮಗ್ಯಾಕ ಫೋನು?"

"ನಮ್ಮ ತಂಗಿ ಸಾಲಿ ಟೀಚರ್ ಅದಾಳ್ರಿ. ಗಂಡ ತೀರಿಹೋಗಿ ಎಂಟು ವರ್ಷಾತು." ಅವನು ಟೋಪಿ ಸರಿಮಾಡಿಕೊಂಡು ಶಿದ್ರಾಮಪ್ಪನನ್ನು ಅಡಿಯಿಂದ ಮುಡಿಯವರೆಗೆ ಮತ್ತೊಮ್ಮೆ ನೋಡಿದ. "ಅಕಿಗೆ ವರಾ ನೋಡಾಕ ಬಂದೇನ್ರಿ."