ಬೆಲೆ ಕೇಳುವವನು

“ಕೆಂಪು ಬಾಳಿಹಣ್ಣು ಡಜನ್ ಎಷ್ಟ್ರೀ ಅಮ್ಮಾ?” ಎಂದು ಸುಮಧ್ವ ಪೆನ್ನಿನ ಕ್ಯಾಪ್ ತೆಗೆದ. ಮಸ್ತಾನಬಿ ಬುಟ್ಟಿಯ ಮೇಲೆ ಸೆರಗು ಎಳೆದಳು. ಪ್ರತಿ ತಿಂಗಳೂ ಸೂಪರ್ ಮಾರ್ಕೆಟ್ ಎಂಬ ಈ ಬಜಾರಿಗೆ ಬಂದು ಬೆಲೆ ಬರೆದುಕೊಂಡು ಹೋಗುವ ಈ ಸರ್ಕಾರಿ ಮನುಷ್ಯ ಒಂದು ಹಣ್ಣನ್ನೂ ಕೊಂಡವನಲ್ಲ. ಟ್ಯಾಕ್ಸ್ ಹಾಕುವವನೇ ಇರಬೇಕು ಎಂದು ಅವಳ ಗುಮಾನಿ. ಕಮಲಾಪುರದಿಂದ ತಂದ ಹಣ್ಣನ್ನು ನೂರಾ ಇಪ್ಪತ್ತಕ್ಕೆ ಮಾರುತ್ತಿದ್ದರೂ ವರ್ಷದಿಂದ ಅವನಿಗೆ ಅವಳು ಹೇಳುತ್ತಿದ್ದದ್ದು ಒಂದೇ.

“ಅರವತ್ತು. ಅಲ್ರೀ, ಇದನ್ನ ಬರ್ಕೊಂಡು ಏನ್ ಮಾಡ್ತೀರಿ?”

“ಇದರ ಮ್ಯಾಲೇ ದಾಲ್ ಮಿಲ್ ಮಂದಿಗೆ ತುಟ್ಟಿಭತ್ಯೆ ಕೊಡ್ತಾರ. ಸಾಮಾನು ಅಗ್ಗ ಇದ್ರ ಪಗಾರ ಏರಂಗಿಲ್ಲ.”

ಮಸ್ತಾನಬಿಯ ಕೈ ಸೆರಗಿನ ಮೇಲೇ ನಿಂತಿತು. ದಾಲ್ ಮಿಲ್ಲಿನಲ್ಲಿ ದುಡಿಯುವ ಮಗ ಸಲ್ಮಾನ್ ಬೆಳಿಗ್ಗೆ ಚಹಾ ಬಿಟ್ಟೆದ್ದು ರೇಗಿದ್ದ: “ಈ ಸಲನೂ ಪಗಾರ ಏರಿಲ್ಲ ಅಮ್ಮಿ. ಬಜಾರದಾಗ ಎಲ್ಲಾ ಅಗ್ಗ ಅದ ಅಂತ ಸುಳ್ಳು ಬರ್ಸೋ ಹರಾಮಿ ಯಾವನೋ!”

“ಅದು ಹೊಡದಹಾಕ್ರಿ,” ಎಂದಳು. “ನೂರಾ ಇಪ್ಪತ್ತು ಬರೀರಿ.”

ಸುಮಧ್ವ ಹಿಂದಿನ ಪುಟಗಳನ್ನು ತಿರುವಿದ. ಎಲ್ಲ ಪುಟದಲ್ಲೂ ಅರವತ್ತು. ಪೆನ್ನಿಗೆ ಮೆಲ್ಲಗೆ ಕ್ಯಾಪ್ ಹಾಕಿ ಅವಳ ಮುಖ ನೋಡಿದ.

“ನಿಮ್ಮ ಮನ್ಯಾಗ ಮಿಲ್ಲಿಗೆ ಹೋಗೋರು ಯಾರರ ಅದಾರೇನ್ರೀ?”