ಮುಟ್ಟಿದ್ದೋ, ತಿರುಗಿಸಿದ್ದೋ

ಪುಟ್ಟ ತರಬೇತಿ ವಿಮಾನ ಜೋಳದ ಹೊಲದಲ್ಲಿ ಮೂಗೂರಿ ನಿಂತು, ಧೂಳೆಲ್ಲ ಇಳಿದ ಮೇಲೂ ಹುಡುಗಿ ಹಿಡಿದ ಚುಕ್ಕಾಣಿಯನ್ನು ಬಿಟ್ಟಿರಲಿಲ್ಲ. ಬಲಗಡೆಯ ಸೀಟಿನಲ್ಲಿ ಅವಳಿಗೆ ಹಾರಲು ಕಲಿಸುವ ಮೇಷ್ಟ್ರು ಮುರಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಇಳಿಯಮ್ಮ, ಬೇಗ ಇಳಿ," ಎಂದರು. ಇಳಿದಳು. ಅಷ್ಟು ಅವಳಿಗೆ ನೆನಪಿತ್ತು. ಅದಕ್ಕೆ ಮುಂಚಿನ ಎರಡು ನಿಮಿಷ ಮಾತ್ರ ಏನು ತಿಪ್ಪರಲಾಗ ಹಾಕಿದರೂ ನೆನಪಿಗೆ ಬರಲಿಲ್ಲ.

ನಡೆಯುತ್ತಿದ್ದದ್ದು ಬರೀ ಅಭ್ಯಾಸ. ಮೇಷ್ಟ್ರು ಎಂಜಿನ್ನಿನ ವೇಗ ಪೂರ್ತಿ ತಗ್ಗಿಸಿ, "ಎಂಜಿನ್ ಕೆಟ್ಟಿತು, ಈಗೇನ್ಮಾಡ್ತೀಯ?" ಎನ್ನುವುದು. ಅವಳು ಒಂದು ಹೊಲ ಆರಿಸಿ ಅದರತ್ತ ವಿಮಾನವನ್ನು ತೇಲಿಸುತ್ತ, ಒಂದೊಂದನ್ನೇ ಮುಟ್ಟಿ ಒಪ್ಪಿಸುವುದು: ಪೆಟ್ರೋಲ್ ಆಫ್, ಸ್ವಿಚ್ ಆಫ್, ಬಾಗಿಲು ತೆಗೆದಿದೆ. ಬಾಯಲ್ಲಿ ಹೇಳಬೇಕು, ಕೈಯಲ್ಲಿ ಮುಟ್ಟಬೇಕು, ಆದರೆ ಏನನ್ನೂ ಮಾಡಕೂಡದು. ಮಕ್ಕಳು ಅಡುಗೆಯಾಟದಲ್ಲಿ ಒಲೆ ಹಚ್ಚುತ್ತವಲ್ಲ, ಹಾಗೆ. ಹೊಲ ಹತ್ತಿರವಾದಾಗ ಮೇಷ್ಟ್ರು "ಸಾಕು, ಏರಿಸು" ಎನ್ನುತ್ತಾರೆ, ವಿಮಾನ ಮತ್ತೆ ಮೇಲಕ್ಕೆ. ಹತ್ತಾರು ಸಲ ಹೀಗೇ ಆಗಿತ್ತು. ಈ ಸಲ ಏರಿಸಲು ಹೋದರೆ ಜಪ್ಪಯ್ಯ ಅಂದರೂ ಎಂಜಿನ್ ಓಗೊಡಲಿಲ್ಲ.

ಮರುದಿನ ಹಾರಾಟದ ಶಾಲೆಯ ಶೆಡ್ಡಿಗೆ ತನಿಖಾಧಿಕಾರಿ ಬಂದರು. ದಪ್ಪ ಕನ್ನಡಕದ ಹೆಂಗಸು, ಮಾತು ಮೆತ್ತಗೆ.

"ಪೆಟ್ರೋಲ್ ನಾಬ್ ಆಫ್ ಆಗಿತ್ತು. ಬಿದ್ಮೇಲೆ ಆಫ್ ಮಾಡಿದ್ರೆ ಸರಿ, ಬೆಂಕಿ ಹತ್ಬಾರ್ದು ಅಂತ. ಬೀಳೋಕ್ಮುಂಚೆ ಮಾಡಿದ್ರೆ ಬಿದ್ದಿದ್ದೇ ಅದರಿಂದ. ಯಾರು ತಿರುಗಿಸಿದ್ದು?"

"ನಾನೇ. ಬಿದ್ಮೇಲೆ," ಎಂದರು ಮೇಷ್ಟ್ರು ತಟ್ಟನೆ.

ಹುಡುಗಿ ತಬ್ಬಿಬ್ಬಾದಳು. ಆ ನಾಬ್ ಇರುವುದು ಎಡಗೋಡೆಯಲ್ಲಿ, ಅವಳ ಮೊಣಕಾಲಿನ ಪಕ್ಕ. ಬಲಗಡೆ ಕೂತವರು ಅವಳ ಮೈಮೇಲೆ ಬಗ್ಗದೆ ಅದು ಕೈಗೆ ಸಿಗುವ ಮಾತೇ ಇಲ್ಲ. ಬಗ್ಗಿದ್ದರೇ? ಬಗ್ಗಿದ್ದರೂ ಬಗ್ಗಿರಬಹುದು. ಇಲ್ಲ, ಬಿದ್ದ ಮೇಲೆ ತಾನೇ ತಿರುಗಿಸಿದಳೋ? ಅಥವಾ ಮುಟ್ಟುವ ಹೊತ್ತಿನಲ್ಲೇ? ಹಾಗಿದ್ದರೆ ಮುಂದಿನ ವಾರ ಒಬ್ಬಳೇ ಹಾರಬೇಕಾದವಳ ಕಲಿಕೆ ಇಲ್ಲಿಗೇ ಮುಗಿಯಿತು. ಮೇಷ್ಟ್ರು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅವರ ಇಪ್ಪತ್ತೆರಡು ವರ್ಷದ ಕೆಲಸಕ್ಕೂ ಕುತ್ತು. ಅವಳಿಗೆ ತಲೆಬುಡ ತಿಳಿಯಲಿಲ್ಲ.

ಅಧಿಕಾರಿ ಆಚೆ ಹೋದಾಗ ಮೆಲ್ಲಗೆ ಕೇಳಿದಳು, "ಸರ್, ನಿಜವಾಗ್ಲೂ ನೀವೇನಾ?"

"ನಿಂಗೆ ನೆನಪಿದ್ಯಾ?"

"ಇಲ್ಲ ಸರ್."

"ನಂಗಿದೆ. ಸುಮ್ನಿರು."

"ನಿಮ್ ಕೈ ಮುರಿದಿತ್ತಲ್ಲ ಸರ್."

"ದೇವ್ರು ಒಂದೇ ಕೈ ಕೊಟ್ಟಿದ್ದಾನೇನಮ್ಮ?" ಎಂದು ನಕ್ಕರು. ನಂಬಬೇಕೆಂದು ಅವಳಿಗೆ ತುಂಬ ಆಸೆಯಾಯಿತು.

ಶೆಡ್ಡಿನಲ್ಲಿ ಅದೇ ಮಾದರಿಯ ಇನ್ನೊಂದು ವಿಮಾನವಿತ್ತು. ಅಧಿಕಾರಿ ಹಿಂತಿರುಗಿ ಅವಳನ್ನು ಅದರೊಳಗೆ ಕೂರಿಸಿದರು. "ಏನೂ ಯೋಚ್ನೆ ಮಾಡ್ಬೇಡ ಮರಿ. ಎಂಜಿನ್ ಕೆಟ್ಟಿತು. ದಿನಾ ಹೇಳೋ ಹಾಗೆ ಹೇಳ್ತಾ ಹೋಗು."

ಅವಳು ಎದುರಿನ ಗೋಡೆ ನೋಡಿದಳು. ಬಾಯಿ ತಾನಾಗಿ ಶುರುಮಾಡಿತು. "ಪೆಟ್ರೋಲ್ ಆಫ್..."

ಮೊಣಕಾಲಿನ ಪಕ್ಕ 'ಕಟಕ್' ಎಂದಿತು.

ಬಾಯಿ "ಸ್ವಿಚ್ ಆಫ್" ಅನ್ನುವವರೆಗೂ ಹೋಗಿ ನಿಂತಿತು. ಆ ಸದ್ದನ್ನು ಅವಳು ನಿನ್ನೆಯೂ ಕೇಳಿದ್ದಳು, ಮೇಲೆ, ಗಾಳಿಯಲ್ಲಿ. ಅಧಿಕಾರಿ ಇನ್ನೂ ಏನನ್ನೂ ಬರೆದುಕೊಳ್ಳಲಿಲ್ಲ.

"ಗಾಬರಿ ಮೇಡಂ, ಮಗು ಹೆದರಿದೆ," ಎಂದರು ರೆಕ್ಕೆಯ ಪಕ್ಕ ನಿಂತಿದ್ದ ಮೇಷ್ಟ್ರು. "ನಿನ್ನೆ ನಾನೇ..."

"ಬೇಡಿ ಸರ್," ಎಂದಳು ಅವಳು, ನಾಬ್ ಮೇಲಿದ್ದ ತನ್ನ ಎಡಗೈಯನ್ನೇ ನೋಡುತ್ತ. "ಇದಕ್ಕೆ ಗೊತ್ತಿತ್ತು. ನಂಗೇ ಹೇಳಿರಲಿಲ್ಲ."